ಚಿಕ್ಕವ್ವ ಸೌಂಡು ಜಾಸ್ತಿ ಮಾಡಿದ ಸಂಜೆ

ಮಾನ್ಯ ಅಧ್ಯಕ್ಷರಾದ ಶ್ರೀರಂಗಯ್ಯ ಮೇಷ್ಟ್ರೇ, ಸನ್ಮಾನದ ಶಾಲು ಹೊದ್ದು ಕುಳಿತಿರುವ ತುರುವೇಕೆರೆಯ ಮಗಳು, ಕಲಾವಿದೆ ವನಜಾಕ್ಷಿ ಮೇಡಂ ಅವರೇ, ಹಂದನಕೆರೆ ಮಹಿಳಾ ಸಂಘದ ಕಾರ್ಯದರ್ಶಿ ನಿರ್ಮಲಕ್ಕನವರೇ, ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯ ಮೇಲೆ ಕುರ್ಚಿ ಸಾಲದೆ ಕೆಳಗೆ ಕುಳಿತಿರುವ ಗಣ್ಯರೇ, ಮತ್ತು ನನ್ನ ಪ್ರೀತಿಯ ಸಭಿಕರೇ,

ನಿರ್ಮಲಕ್ಕ ನನಗೆ ಎರಡು ನಿಮಿಷ ಕೊಟ್ಟಿದ್ದಾರೆ. "ಗಂಗಾಧರ, ನೀನೂ ಎರಡು ಮಾತಾಡಪ್ಪ, ಈ ಊರಿಗೆ ಟಿ.ವಿ. ತಂದೋನು ನೀನು" ಎಂದರು. ಅದು ಪೂರ್ತಿ ನಿಜವಲ್ಲ. ಊರಿಗೆ ಮೊದಲು ಟಿ.ವಿ. ತಂದವರು ನಮ್ಮ ಅಧ್ಯಕ್ಷರು, ಮೇಷ್ಟ್ರು. ನಾನು ಇಪ್ಪತ್ತು ವರ್ಷದಿಂದ ತೆಂಗಿನ ಮರದಿಂದ ಮರಕ್ಕೆ ಕೇಬಲ್ ಎಳೆಯುತ್ತಿರುವವನು, ಅಷ್ಟೇ. ಗರಿ ಬಿದ್ದು ವೈರು ಹರಿದರೂ ನನಗೆ ಬೈಗುಳ, ಕೋತಿ ಜೋತಾಡಿ ಹರಿದರೂ ನನಗೆ ಬೈಗುಳ. ಧಾರಾವಾಹಿಯಲ್ಲಿ ಒಳ್ಳೆಯ ಸೊಸೆಯನ್ನು ಮನೆಯಿಂದ ಹೊರಗೆ ಹಾಕಿದರೂ ಮಾರನೆಯ ಬೆಳಿಗ್ಗೆ ನನ್ನ ಬೈಕು ನಿಲ್ಲಿಸಿ ಕೇಳುತ್ತಾರೆ, "ಏನ್ಲಾ ಗಂಗಾಧರ, ಹಿಂಗ್ ಮಾಡ್ಬುಟ್ಟೆ."

ಸಂಜೆ ಏಳೂವರೆಗೆ ರಿಪೇರಿಗೆಂದು ಯಾವ ಮನೆಗೆ ಹೋದರೂ ಸೆರಗಿನ ತುದಿ ಕಣ್ಣ ಮೇಲೆ. ಹಗಲೆಲ್ಲ ಕಾಯಿ ಸುಲಿದು ಗಟ್ಟಿಯಾದ ಕೈಗಳು ಕಣ್ಣೊರೆಸಿಕೊಳ್ಳುತ್ತಿರುತ್ತವೆ. ನಾನು ನಗುತ್ತಿದ್ದೆ. "ಅದು ಗ್ಲಿಸರಿನ್ ಕಣ್ರಮ್ಮ, ಅವರಿಗಿಲ್ಲದ ದುಃಖ ನಿಮಗ್ಯಾಕೆ" ಎನ್ನುತ್ತಿದ್ದೆ. ಮೇಡಂ, ಕ್ಷಮಿಸಬೇಕು. ನನಗೆ ಆಗ ಅಷ್ಟೇ ತಿಳಿದಿತ್ತು.

ನನ್ನ ಅವ್ವ ಅಳುವವಳಲ್ಲ. ಅವಳ ಹೆಸರು ರಾಮಲಕ್ಷ್ಮಮ್ಮ, ಮೂರನೇ ಸಾಲಿನಲ್ಲಿ ಕುಳಿತಿದ್ದಾಳೆ. ಅವಳ ಪಕ್ಕದಲ್ಲಿರುವುದು ನನ್ನ ಚಿಕ್ಕವ್ವ ಮಂಜಮ್ಮ, ಅವ್ವನ ವಾರಗಿತ್ತಿ. ಇವರಿಬ್ಬರು ಅಕ್ಕಪಕ್ಕ ಕುಳಿತಿರುವುದನ್ನು ಹೊಸಬರು ಸುಮ್ಮನೆ ನೋಡುತ್ತೀರಿ. ಹಳಬರಿಗೆ ಗೊತ್ತು ಅದೆಂಥ ನೋಟವೆಂದು. ನಮ್ಮ ಮನೆಗೂ ಚಿಕ್ಕಪ್ಪನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಗೋಡೆಯ ಎರಡು ಕಡೆ ಇವರು ಇಪ್ಪತ್ತೆಂಟು ವರ್ಷ ಒಂದು ಮಾತಿಲ್ಲದೆ ಬದುಕಿದರು.

ಯಾಕೆ? ಹಳಬರಿಗೆ ಅದೂ ಗೊತ್ತು. ಗೊತ್ತು ಎಂದುಕೊಂಡಿದ್ದೀರಿ.

ನನಗೊಬ್ಬಳು ತಂಗಿ ಇದ್ದಳು, ಆಶಾ. ಮೂರು ವರ್ಷದವಳು. ಒಂದು ಭಾನುವಾರ ಬೆಳಿಗ್ಗೆ ಅವ್ವ ತಿಪಟೂರಿನ ಆಸ್ಪತ್ರೆಗೆ ಅಪ್ಪನನ್ನು ತೋರಿಸಲು ಹೋಗಿದ್ದಳು. ಮಗು ಚಿಕ್ಕವ್ವನ ಹತ್ತಿರ ತೋಟದಲ್ಲಿತ್ತು. ಪಂಪ್‌ಸೆಟ್ಟಿನ ನೀರು ಬೀಳುವ ತೊಟ್ಟಿ ನೆಲಮಟ್ಟಕ್ಕೇ ಇತ್ತು. ಮಗು ಅದರೊಳಗೆ ಬಿತ್ತು. ಮಧ್ಯಾಹ್ನ ಬಸ್ಸಿಳಿದು ಬಂದ ಅವ್ವ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಅದರ ಕೂದಲನ್ನು ಒರೆಸುತ್ತ ಕುಳಿತಳು. ಚಿಕ್ಕವ್ವ ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು, "ಮಗೀನ ನಾನೇ ನೋಡ್ಕತಿದ್ದೆ. ನಂದೇ ತಪ್ಪು."

ಅವ್ವ ಅಳಲಿಲ್ಲ. ಮಣ್ಣು ಮಾಡಿ ಬಂದಾಗಲೂ ಅಳಲಿಲ್ಲ. ಎದ್ದು ಹೋಗಿ ಎಮ್ಮೆಗೆ ಹುಲ್ಲು ಹಾಕಿದಳು. ಅವತ್ತಿನಿಂದ ಚಿಕ್ಕವ್ವನ ಮುಖ ನೋಡಲಿಲ್ಲ. ಹನ್ನೆರಡು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗಲೂ ಚಿಕ್ಕವ್ವ ನಮ್ಮ ಹೊಸ್ತಿಲ ಹೊರಗೇ ನಿಂತಿದ್ದು, ಹಾಗೆಯೇ ಹೋದಳು.

ಈಗ ಧಾರಾವಾಹಿಗೆ ಬರುತ್ತೇನೆ. ಏಳು ವರ್ಷದ ಹಿಂದಿನ ಮಾತು. ವನಜಾಕ್ಷಿ ಮೇಡಂ ಅದರಲ್ಲಿ ಮಗ ಸತ್ತ ತಾಯಿಯ ಪಾತ್ರ ಮಾಡಿದ್ದರು. ಆ ಸಾವಿಗೆ ಕಾರಣಳೆಂದು ಆಕೆ ಪಕ್ಕದ ಮನೆಯ ಹೆಂಗಸನ್ನು ದೂರ ಇಟ್ಟಿರುತ್ತಾಳೆ. ಆ ಸಂಜೆ ನಾನು ಮನೆಯಲ್ಲಿದ್ದೆ. ಟಿ.ವಿ.ಯಲ್ಲಿ ಆ ಹೆಂಗಸು ಬಾವಿಯಿಂದ ಕೊಡ ಹೊತ್ತು ಬರುತ್ತಿದ್ದಾಳೆ, ಎದುರಿಗೆ ನಮ್ಮ ಮೇಡಂ. ಇಬ್ಬರೂ ನಿಂತರು. ಮೇಡಂ ಬಾಯಿ ತೆರೆದರು. ಸರಿಯಾಗಿ ಆಗ ಕರೆಂಟು ಹೋಯಿತು.

ಕೇಬಲ್‌ನವನ ಮನೆಯಲ್ಲಿ ಯುಪಿಎಸ್ ಇಲ್ಲವೇ ಎಂದು ನೀವು ಕೇಳಬಹುದು. ಬ್ಯಾಟರಿ ಕೆಟ್ಟು ಆರು ತಿಂಗಳಾಗಿತ್ತು.

ಗೋಡೆಯಾಚೆ ಚಿಕ್ಕವ್ವನ ಮನೆಯ ಯುಪಿಎಸ್ ಸರಿಯಾಗಿತ್ತು, ಅವರ ಟಿ.ವಿ. ನಡೆಯುತ್ತಿತ್ತು. ಅವ್ವ ಎದ್ದು ಕತ್ತಲಲ್ಲೇ ಬಾಗಿಲು ದಾಟಿ, ಅವರ ಕಿಟಕಿಯ ಪಕ್ಕ ಗೋಡೆಗೊರಗಿ ನಿಂತಳು. ನಾನು ಹಿಂದೆಯೇ ಹೋದೆ. ಒಳಗೆ ಚಿಕ್ಕವ್ವ ಒಬ್ಬಳೇ ಕುಳಿತಿದ್ದಳು. ಬಳೆಯ ಸದ್ದೋ, ಉಸಿರಿನ ಸದ್ದೋ, ಹೊರಗೆ ಯಾರಿದ್ದಾರೆಂದು ಅವಳಿಗೆ ತಿಳಿಯಿತು. ಕಿಟಕಿಯ ಕಡೆ ತಿರುಗಲಿಲ್ಲ. ರಿಮೋಟು ತೆಗೆದುಕೊಂಡು ಸೌಂಡು ಜಾಸ್ತಿ ಮಾಡಿದಳು. ಇನ್ನೂ ಜಾಸ್ತಿ ಮಾಡಿದಳು. ಬೀದಿಯ ಕೊನೆಗೆ ಕೇಳುವಷ್ಟು ಜಾಸ್ತಿ ಮಾಡಿದಳು.

ಮೇಡಂ, ನಿಮ್ಮ ಧ್ವನಿ ಬಂತು. "ಎಷ್ಟು ದಿನ ಅಂತ ನೀನೊಬ್ಬಳೇ ಹೊರ್ತೀಯ? ಇತ್ತ ಕೊಡು."

ಅಷ್ಟೇ ಮಾತು. ಸಭಿಕರೇ, ನನ್ನ ಅವ್ವ ಗೋಡೆ ಹಿಡಿದುಕೊಂಡು ಕುಸಿದಳು. ಇಪ್ಪತ್ತೆಂಟು ವರ್ಷದ ಅಳು ಹೇಗಿರುತ್ತದೆಂದು ನಾನು ಹೇಗೆ ಹೇಳಲಿ? ಗೋಡೆಯ ಒಳಗಿನಿಂದಲೂ ಅಂಥದೇ ಅಳು ಕೇಳಿತು. ಎರಡು ಅಳುವಿನ ನಡುವೆ ನಾನು ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು.

"ಒಳಿಕ್ ಬಾರಕ್ಕ" ಎಂದಳು ಚಿಕ್ಕವ್ವ. "ಇನ್ನೂ ಮುಗುದಿಲ್ಲ."

ಅವ್ವ ಹೋದಳು. ಇಬ್ಬರೂ ಚಾಪೆಯ ಮೇಲೆ ಕುಳಿತು ಜಾಹೀರಾತನ್ನೂ ಬಿಡದೆ ನೋಡಿದರು.

ಈವತ್ತು ಚಹಾ ಕುಡಿಯುವಾಗ ಮೇಡಂಗೆ ಈ ದೃಶ್ಯ ನೆನಪಿಸಿದೆ. ಅವರು ಬಹಳ ಯೋಚಿಸಿ, "ನೆನಪಿಲ್ಲ ಗಂಗಾಧರ್. ಬಾವಿ ಹತ್ರ ಶೂಟಿಂಗ್ ಇದ್ದ ದಿನ ತುಂಬಾ ತಲೆನೋವಿತ್ತು, ಬೇಗ ಮುಗಿದ್ರೆ ಸಾಕು ಅಂತಿದ್ದೆ" ಎಂದರು. ನನಗೆ ಬೇಸರವಾಗಲಿಲ್ಲ. ಮೈ ಜುಮ್ಮೆಂದಿತು. ಎಲ್ಲಿಯದೋ ತಲೆನೋವಿನ ನಡುವೆ ಆಡಿದ ಒಂದು ಮಾತು ಎಷ್ಟು ಮರ ದಾಟಿ, ಎಷ್ಟು ವೈರು ದಾಟಿ, ಯಾರ ಗೋಡೆಗೆ ಬಂದು ತಾಗಿತು. ಆ ವೈರು ಎಳೆದವನು ನಾನು. ನನಗೇ ಗೊತ್ತಿರಲಿಲ್ಲ ಅದರಲ್ಲಿ ಏನು ಹರಿಯುತ್ತದೆಂದು.

ನನ್ನ ಎರಡು ನಿಮಿಷ ಯಾವಾಗಲೋ ಮುಗಿದಿದೆ. ನಿರ್ಮಲಕ್ಕ ಗಡಿಯಾರ ನೋಡುತ್ತಿದ್ದಾರೆ. ಇಲ್ಲಿಗೆ ನಿಲ್ಲಿಸಬೇಕೆಂದೇ ಬರೆದುಕೊಂಡು ಬಂದಿದ್ದೆ. ಆದರೆ ಇಲ್ಲಿ ನಿಲ್ಲಿಸಿದರೆ ನಾನು ಮತ್ತೊಮ್ಮೆ ಸುಳ್ಳು ಹೇಳಿದಂತಾಗುತ್ತದೆ.

ಆ ಭಾನುವಾರ ಚಿಕ್ಕವ್ವ ಹೊಲದಿಂದ ಹುಲ್ಲಿನ ಹೊರೆ ತರಲು ಹೋಗಿದ್ದಳು. ಹೋಗುವಾಗ ಒಂಬತ್ತು ವರ್ಷದ ನನಗೆ ಹೇಳಿದ್ದಳು, "ಮಗಿನ ಕೈ ಹಿಡ್ಕಂಡಿರು ಕಣಪ್ಪ, ಹಿಂಗೋಗಿ ಹಂಗೆ ಬತ್ತೀನಿ." ನಾನು ಕೈ ಬಿಟ್ಟು ಮೇಷ್ಟ್ರ ಮನೆಗೆ ಓಡಿದೆ. ಅಲ್ಲಿ ಟಿ.ವಿ. ಹಾಕಿದ್ದರು.

ಅವ್ವ ಅತ್ತ ಮಾರನೆಯ ದಿನ, ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದ ಅವಳ ಮುಂದೆ ಕುಳಿತು ಇದನ್ನು ಹೇಳಿದೆ. ಅವ್ವ ತಲೆ ಎತ್ತಲಿಲ್ಲ. "ಗೊತ್ತು ಕಣ್ಲಾ" ಎಂದಳು. "ಅವತ್ತು ಸಂಜೇನೇ ಮೇಷ್ಟ್ರ ಹೆಂಡ್ತಿ ಹೇಳಿದ್ರು, ನಿನ್ನ ಮಗ ನಮ್ಮನೇಲಿ ಟಿ.ವಿ. ನೋಡ್ತಾ ಕುಂತಿದ್ದ, ಅವನಾದ್ರೂ ಉಳುಕಂಡ ಅಂತ."

"ಮತ್ತೆ ಚಿಕ್ಕವ್ವನ ಮೇಲೆ ಯಾಕವ್ವ?"

ಅವ್ವ ತಟ್ಟೆ ಉಜ್ಜುತ್ತಲೇ ಹೇಳಿದಳು. "ಹೊಟ್ಟೆ ಉರೀತಿತ್ತು. ಯಾರ ಮೇಲಾದ್ರೂ ಸಿಟ್ಟು ಹಾಕ್ಬೇಕಿತ್ತು. ನಿನ್ನ ಮೇಲೆ ಹಾಕಿದ್ರೆ ನೀನು ಉಳೀತಿದ್ಯಾ? ನಂದೇ ತಪ್ಪು ಅಂತ ಅವಳೇ ಮುಂದ್ ಬಂದ್ಲು. ಬುಡು ಅಂತ ಅವಳ ಮೇಲೆ ಹಾಕ್ದೆ. ಅವಳು ತಡ್ಕಂಡ್ಲು."

ಇಬ್ಬರು ಹೆಂಗಸರು, ಒಂದು ಮಾತೂ ಆಡಿಕೊಳ್ಳದೆ, ನನ್ನೊಬ್ಬನನ್ನು ಉಳಿಸಲು ಇಪ್ಪತ್ತೆಂಟು ವರ್ಷ ಸುಮ್ಮನಿದ್ದರು. ನಾನು ಇಂಥದ್ದನ್ನು ಯಾವ ಧಾರಾವಾಹಿಯಲ್ಲೂ ನೋಡಿಲ್ಲ.

ಆದರೆ ಊರು ಸುಮ್ಮನಿರಲಿಲ್ಲ. ಮಗೀನ ನೀರಿಗೆ ಬಿಟ್ಟೋಳು ಎಂದಿತು. ಇವತ್ತಿಗೂ ನಾಮಕರಣದ ಮನೆಗಳಲ್ಲಿ ಮಗು ಕೈಯಿಂದ ಕೈಗೆ ಹೋಗುತ್ತದೆ, ಚಿಕ್ಕವ್ವನ ಹತ್ತಿರ ಬಂದಾಗ ಮಾತ್ರ ಅವಳನ್ನು ದಾಟಿ ಹೋಗುತ್ತದೆ. ನಾನು ನೋಡಿದ್ದೇನೆ. ನೋಡಿಯೂ ಏಳು ವರ್ಷ ಬಾಯಿ ಬಿಟ್ಟಿಲ್ಲ.

ಚಿಕ್ಕವ್ವ, ಊರೋರೆಲ್ಲ ಕೇಳ್ಲಿ ಅಂತ ಮೈಕಲ್ಲೇ ಹೇಳ್ತಿದೀನಿ. ಕೈ ಬುಟ್ಟೋನು ನಾನು. ನಿಂದೇನೂ ತಪ್ಪಿರಲಿಲ್ಲ.

ವನಜಾಕ್ಷಿ ಮೇಡಂ, ನಿಮಗೆ ನೆನಪಿಲ್ಲದ ಆ ಮಾತಿಗೆ ನಮ್ಮ ಎರಡೂ ಮನೆಗಳ ಪರವಾಗಿ ವಂದನೆ. ಕರೆದು ಮಾತಾಡಿಸಿದ ನಿರ್ಮಲಕ್ಕನಿಗೂ, ತಡೆಯದೆ ಕೇಳಿದ ಅಧ್ಯಕ್ಷರಿಗೂ ವಂದನೆ. ಕಂಕುಳಲ್ಲಿ ಕೂಸಿರುವ ತಾಯಂದಿರು ಈ ಸಭೆಯಲ್ಲಿ ಬಹಳ ಜನ ಇದ್ದೀರಿ. ಹೊರಗೆ ಹೋಗುವಾಗ ಮೂರನೇ ಸಾಲಿನ ಹತ್ತಿರ ಒಂದು ಗಳಿಗೆ ನಿಂತು, ಆ ಕೂಸನ್ನು ನನ್ನ ಚಿಕ್ಕವ್ವನ ಕೈಗೆ ಕೊಟ್ಟು ನೋಡಿ.

ನಿಮಗೆಲ್ಲರಿಗೂ ನಮಸ್ಕಾರ.