ಹದಿನೈದು ನಿಮಿಷದ ಮಳೆ

ಹೆಸರು: ರಜನಿ ವಿಶ್ವನಾಥ್, ವಯಸ್ಸು 44 ವರ್ಷ, ಕೆಲಸ: ಖಾಸಗಿ ಕಾಲೇಜಿನಲ್ಲಿ ಚಿತ್ರನಿರ್ಮಾಣದ ಉಪನ್ಯಾಸಕಿ, ವಾಸ: ಚಿಕ್ಕಮಗಳೂರು ಪಟ್ಟಣ.

ಗೋಣಿಬೀಡಿನ ಕಾಫಿ ಬೆಳೆಗಾರರಾದ ಶ್ರೀ ಲಿಂಗಪ್ಪನವರು ನಮ್ಮ ವಿದ್ಯಾರ್ಥಿನಿ ಜೋಯಾಳ ಮೇಲೆ ಕೊಟ್ಟಿರುವ ದೂರಿನ ಬಗ್ಗೆ ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ, ಒಂದು ಮಾತನ್ನು ಹೇಳದೆ ಬಿಡಬಹುದೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಅದನ್ನೇ ಮೊದಲು ಹೇಳುತ್ತೇನೆ. ಕಾಫಿ ಗಿಡಗಳ ಮೇಲೆ ನೀರು ಬಿಡಿಸಿದವಳು ನಾನು, ಜೋಯಾ ಅಲ್ಲ.

ಜೋಯಾ ಅಂತಿಮ ವರ್ಷದ ಪರೀಕ್ಷೆಗಾಗಿ ಒಂದು ಕಿರುಚಿತ್ರ ಮಾಡುತ್ತಿದ್ದಾಳೆ. ಕಥೆಯಲ್ಲಿ ಮಳೆ ಇದೆ. ಕಾಲೇಜು ಚಿತ್ರೀಕರಣಕ್ಕೆ ಕೊಟ್ಟದ್ದು ಫೆಬ್ರವರಿ. ತೋಟದ ನಡುವಿನ ಮಣ್ಣುದಾರಿಯಲ್ಲಿ ಮಳೆಯ ದೃಶ್ಯ ತೆಗೆಯಲು ಲಿಂಗಪ್ಪನವರು ಒಪ್ಪಿದ್ದರು. ತೊಂದರೆಗಳನ್ನು ಮೊದಲೇ ಊಹಿಸುವುದು ನಾನು ತರಗತಿಯಲ್ಲಿ ಕಲಿಸುವ ಪಾಠ. ಹೆಚ್ಚಿನ ಬ್ಯಾಟರಿ, ಕ್ಯಾಮೆರಾಕ್ಕೆ ಹೊದಿಕೆ, ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲವನ್ನೂ ನೋಡಿಕೊಂಡಿದ್ದೆ. ಮರದಲ್ಲಿ ಹೆಜ್ಜೇನು ಇದ್ದುದರಿಂದ ಡ್ರೋನ್ ಬೇಡವೆಂದಿದ್ದೆ.

ದಿನಾಂಕ 17-02-2026ರ ಮಂಗಳವಾರ ಸಂಜೆ 4.30ಕ್ಕೆ ಮೂಡಿಗೆರೆಯಿಂದ ಹಬೀಬುರ್ರಹ್ಮಾನ್ ಎಂಬವರು ತಮ್ಮ ನೀರಿನ ಟ್ಯಾಂಕರ್ ತಂದರು. ಪೈಪಿನಿಂದ ಚಿಮ್ಮಿಸಿದ ನೀರು ದಾರಿಯ ಮೇಲೆ ಮಾತ್ರ ಬಿತ್ತು. ಹಿಂದಿನ ಗಿಡಗಳು ಧೂಳು ಹಿಡಿದೇ ಕಾಣುತ್ತಿದ್ದವು. ಅವುಗಳ ಮೇಲೂ ಬಿಡಿ ಎಂದೆ. ಜೋಯಾ, ‘ಮ್ಯಾಮ್, ಲಿಂಗಪ್ಪ ಅಂಕಲ್‌ನ ಒಂದ್ಮಾತು ಕೇಳಿ ಬರ್ಲಾ?’ ಎಂದಳು. ಬೆಳಕು ಹೋಗುತ್ತದೆ, ಗಿಡಕ್ಕೆ ನೀರು ಬಿದ್ದರೆ ಯಾರು ಬೇಡವೆನ್ನುತ್ತಾರೆ ಎಂದು ನಾನು ತಡೆದೆ. ಹಬೀಬುರ್ರಹ್ಮಾನ್ ಅವರು, ‘ಮೋಡಕ್ಕೂ ಡೀಸೆಲ್ ಹಾಕ್ಸೋ ಕಾಲ ಬಂತಲ್ಲ ಮೇಡಂ’ ಎಂದು ನಕ್ಕರು. ಹದಿನೈದು ನಿಮಿಷ ನೀರು ಬಿಡಿಸಿದೆ. ದೃಶ್ಯ ಚೆನ್ನಾಗಿಯೇ ಬಂತು.

ಮರುದಿನ ಬೆಳಿಗ್ಗೆ ಲಿಂಗಪ್ಪನವರು ನನ್ನನ್ನು ಅಲ್ಲಿಗೆ ಕರೆಸಿ ಕಾಲಿನಿಂದ ಮಣ್ಣು ಕೆದಕಿ ತೋರಿಸಿದರು. ಒಂದು ಬೆರಳಿನಷ್ಟು ಕೆಳಗೆ ಒಣಮಣ್ಣು. ‘ರೊಬಸ್ಟಾ ಮೊಗ್ಗು ಈಗ ಮಲಗಿರ್ತದೆ ಮೇಡಂ. ಹೂಮಳೆ ಜೋರಾಗಿ ಬಂದ್ರೆ ಎದ್ದು ಅರಳ್ತದೆ. ನೀವು ಮುಖಕ್ಕೆ ನೀರು ಚಿಮುಕ್ಸಿ ಎಬ್ಬಿಸಿದ್ರಿ, ಕುಡಿಯೋಕೆ ಕೊಡ್ಲಿಲ್ಲ. ಇನ್ನು ಅರ್ಧಕ್ಕೇ ಕಂದಿ ಉದುರ್ತದೆ. ಒಂದ್ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಮಾರಾಯ್ರೆ?’ ಎಂದರು. ಅನುಮತಿ ಪತ್ರದಲ್ಲಿ ಜೋಯಾಳ ಸಹಿ ಇದ್ದುದರಿಂದ ಅದೇ ದಿನ ಅವಳ ಹೆಸರಿನಲ್ಲಿ ದೂರು ಕೊಟ್ಟರು. ನನಗೆ ತಿಳಿದಿರಲಿಲ್ಲ ಎನ್ನಬಹುದು. ಆದರೆ ನಾನು ಇದೇ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವಳು.

ಕೂಡಲೇ ಬೇರಿಗೆ ಇಳಿಯುವಷ್ಟು ನೀರು ಕೊಟ್ಟರೆ ಮೊಗ್ಗು ಉಳಿಯಬಹುದು, ತಮ್ಮ ಕೆರೆಯಲ್ಲಿ ಅಷ್ಟು ನೀರಿಲ್ಲ ಎಂದು ಲಿಂಗಪ್ಪನವರು ತಿಳಿಸಿದರು. 19 ಮತ್ತು 20ರಂದು ಅದೇ ಟ್ಯಾಂಕರ್‌ನಲ್ಲಿ ಮತ್ತೆ ಮತ್ತೆ ನೀರು ತರಿಸಿ, ಅವರದೇ ಸ್ಪ್ರಿಂಕ್ಲರ್‌ಗಳಿಂದ ಗಿಡಗಳಿಗೆ ಬಿಟ್ಟೆವು. ಜೋಯಾ ಮತ್ತು ಉಳಿದ ವಿದ್ಯಾರ್ಥಿಗಳು ಪೈಪು ಹೊತ್ತರು. ಲಿಂಗಪ್ಪನವರು ಪಕ್ಕದಲ್ಲೇ ನಿಂತು, ‘ಈ ಸಲ ಯಾರೂ ಆಕ್ಷನ್ ಅನ್ಬೇಡಿ, ಸುಮ್ನೆ ನೀರು ಬಿಡಿ’ ಎಂದರು.

20ರ ಸಂಜೆ ಪ್ರಾಂಶುಪಾಲರು ಫೋನ್ ಮಾಡಿದರು. ದೂರಿನಲ್ಲಿ ಹೆಸರಿದ್ದರೆ ಜೋಯಾಳ ಚಿತ್ರವನ್ನು ಪರೀಕ್ಷೆಗೆ ಪರಿಗಣಿಸುವುದಿಲ್ಲ ಎಂದರು. ಅವಳು ನನಗೆ ತಿಳಿಸದೆ ಮಾಡಿದಳೆಂದು ಬರೆದುಕೊಟ್ಟರೆ ಕಾಲೇಜಿನ ಮಟ್ಟಿಗೆ ವಿಷಯ ಮುಗಿಯುತ್ತದೆಂದೂ, ನನ್ನ ಹುದ್ದೆ ಖಾಯಂ ಆಗುವ ವಿಚಾರ ಮಾರ್ಚ್‌ನಲ್ಲಿದೆ ಎಂದೂ ಹೇಳಿದರು. ನೋಡುತ್ತೇನೆ ಎಂದು ಹೇಳಿ ನಾನು ಫೋನ್ ಇಟ್ಟೆ. ಆ ಮಾತನ್ನು ಅವರು ಒಪ್ಪಿಗೆ ಎಂದುಕೊಂಡಿರಬಹುದು. ಅದು ಒಪ್ಪಿಗೆಯಲ್ಲ. ಕೇಳಿ ಬರುತ್ತೇನೆಂದವಳು ಅವಳು, ಬೇಡವೆಂದವಳು ನಾನು. ದೂರಿನಲ್ಲಿ ಅವಳ ಹೆಸರಿರುವಲ್ಲಿ ನನ್ನ ಹೆಸರನ್ನು ಪರಿಗಣಿಸಬೇಕಾಗಿ ಕೋರುತ್ತೇನೆ.

ಮೊಗ್ಗು ಉಳಿಯಿತೇ ಎಂದು ತಿಳಿಯಲು ಇನ್ನೂ ಕೆಲವು ದಿನ ಬೇಕು. ‘ನಮ್ಮ ಕೈಲಾದ್ದು ಆಯ್ತು, ಇನ್ನು ಹೂವೇ ಹೇಳ್ಬೇಕು’ ಎಂದಿದ್ದಾರೆ ಲಿಂಗಪ್ಪನವರು. ಹೂವು ಏನೇ ಹೇಳಲಿ, ಈ ಹೇಳಿಕೆ ಬದಲಾಗುವುದಿಲ್ಲ.

ಬರೆದುದನ್ನು ಠಾಣೆಯವರು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ್ದು ಇಷ್ಟೇ, ಹೇಳಿದಂತೆಯೇ ಇದೆ.

ಸ್ಥಳ: ಗೋಣಿಬೀಡು
ದಿನಾಂಕ: 21-02-2026
ಸಹಿ: ರಜನಿ ವಿಶ್ವನಾಥ್

ಇದರ ಪ್ರತಿಯನ್ನು ಪ್ರಾಂಶುಪಾಲರಿಗೆ ನಾನೇ ಸ್ಪೀಡ್ ಪೋಸ್ಟ್ ಮಾಡುವ ದಿನ: ಸೋಮವಾರ, 23-02-2026.