ವೇಬ್ರಿಡ್ಜ್ ಯೆಬೋವಾ ಅವರ ಬೀಳ್ಕೊಡುಗೆ

ಕಸದ ಲಾರಿ ಚಾಲಕರ ಸಂಘದ ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ಹಿಂದಿನ ಸಾಲಿನಲ್ಲಿ ಆಗಲೇ ಜೊಲ್ಲೋಫ್ ಅನ್ನದ ಪೊಟ್ಟಣ ಬಿಚ್ಚಿರುವ ಸಭಿಕರೇ,

ಲಾರಿ ಸಮೇತ ತೂಗುವ ವೇಬ್ರಿಡ್ಜಿನಲ್ಲಿ ಕುಮಾಸಿ ನಗರದ ಕಸಕ್ಕೆಲ್ಲ ತೂಕ ಹಾಕಿದ ಕ್ವಾಸಿ ಯೆಬೋವಾ ಅವರು ಇಂದು ನಿವೃತ್ತರಾಗಿದ್ದಾರೆ. ನಾಳೆ ಬೆಳಗಿನ ಬಸ್ಸಿಗೆ ಬೆರೆಕುಮ್‌ಗೆ, ತಮ್ಮೂರಿಗೆ ಹೊರಟೇಬಿಡುತ್ತಾರಂತೆ. ಅವರ ಬಗ್ಗೆ ಎರಡು ಮಾತಾಡಲು ಸಂಘದ ಒಬ್ಬಳೇ ಹೆಂಗಸಾದ ನನ್ನನ್ನು ನಿಲ್ಲಿಸಿದ್ದೀರಿ. ಎರಡಕ್ಕೇ ನಿಲ್ಲಿಸುವವಳೇ ಈ ಸೆರ್ವಾ?

ಸಭಿಕರೇ, ಒಡೆದ ಗೋಡೆ, ಹರಿದ ಹಾಸಿಗೆ, ಮುರಿದ ಕಮೋಡು ಹೇರಿಕೊಂಡು ಹೋದ ನಮ್ಮನ್ನು ಕಸದ ಗುಡ್ಡದ ಗೇಟಿನಲ್ಲಿ ನಗುತ್ತ ಎದುರುಗೊಂಡವರು ಯಾರು? ಯೆಬೋವಾ! ಆ ನಾತದಲ್ಲೂ ಇಸ್ತ್ರಿ ಮಾಡಿದ ಅಂಗಿ ತೊಟ್ಟವರು ಯಾರು? ಯೆಬೋವಾ!

ನಮ್ಮಲ್ಲಿ ಎಲ್ಲರ ಲಾರಿಯ ಹಣೆಯ ಮೇಲೂ ದೇವರ ಮಾತು. ನನ್ನ ಗಂಡ ಓಡಿಹೋದ ವರ್ಷ ನಾನು ಮಾತ್ರ 'ಗಂಡಸರನ್ನು ನಂಬಬೇಡಿ' ಎಂದು ಬರೆಸಿದೆ. ಯೆಬೋವಾ ಅವರು ಪ್ರತಿ ಸಲ ತೂಕದ ಕೋಣೆಯ ಕಿಟಕಿಯಿಂದ ಕತ್ತು ಚಾಚಿ ಅದನ್ನು ಓದುತ್ತಿದ್ದರು.

"ಸೆರ್ವಾ, ನಾನೂ ಗಂಡಸೇ ಕಣಮ್ಮಾ. ನನ್ನೂ ನಂಬಲ್ವಾ?"

"ನಿಮ್ಮ ತೂಕದ ಮಷೀನ್ ನಂಬ್ತೀನಿ, ಹೋಗ್ರಿ!"

"ಹಂಗಾದ್ರೆ ಮಷೀನನ್ನೇ ಮದ್ವೆ ಆಗು!"

ನನ್ನ ಮೇಲೊಂದು ದೂರಿದೆ. ಊರಿನ ಒಂದು ಹಳೇ ಹೋಟೆಲು ಕೆಡವಿದಾಗ ಒಂದೇ ಲೋಡಿಗಾಗುವ ಇಟ್ಟಿಗೆಚೂರನ್ನು ಮೂರು ಲೋಡು ಮಾಡಿ ಸಾಗಿಸಿದೆನಂತೆ. ಅದು ಟೈರಿನ ಹಿತಕ್ಕಾಗಿ, ಸಭಿಕರೇ, ಟೈರಿನ ಹಿತಕ್ಕಾಗಿ! ನಗಬೇಡಿ. ಒಳಗೆ ಹೋಗುವಾಗ ತುಂಬಿದ ಲಾರಿ ತೂಗುತ್ತಾರೆ, ಹೊರಗೆ ಬರುವಾಗ ಖಾಲಿ ಲಾರಿ. ಅಂದರೆ ಮೂರು ಲೋಡಿಗೆ ಆರು ಸಲ ಆ ಕಿಟಕಿಯ ಮುಂದೆ... ಅಯ್ಯೋ, ಇದನ್ನು ಹೇಳಬಾರದಿತ್ತು.

ಅಧ್ಯಕ್ಷರೇ, ಗಂಟೆ ಬಾರಿಸಬೇಡಿ. ನನಗೆ ಹೆದರಿಕೆಯಾಗಿದೆ. ನಾಳೆಯಿಂದ ಆ ಕಿಟಕಿಯಲ್ಲಿ ಬೇರೆ ಮುಖ. ಅದಕ್ಕೆ ಯಾವ ಲೋಡು ಒಯ್ಯಲಿ ನಾನು?

ಯೆಬೋವಾ ಅವರೇ, ಸಂಘದ ಉಡುಗೊರೆ ಗೋಡೆ ಗಡಿಯಾರ. ನನ್ನದು ಹೊರಗೆ ನಿಂತಿದೆ. 'ಗಂಡಸರನ್ನು ನಂಬಬೇಡಿ' ಎಂಬುದರ ಕೆಳಗೆ ಇವತ್ತು ಇನ್ನೊಂದು ಸಾಲು ಬರೆಸಿದ್ದೇನೆ: 'ಯೆಬೋವಾ ಒಬ್ಬರನ್ನು ಬಿಟ್ಟು.' ಬಣ್ಣ ಇನ್ನೂ ಹಸಿ, ಮುಟ್ಟಬೇಡಿ. ಪಕ್ಕದ ಸೀಟು ಒರೆಸಿಟ್ಟಿದ್ದೇನೆ. ಬಸ್ಸೋ ಲಾರಿಯೋ, ನೀವೇ ಹೇಳಿ.

ಇಷ್ಟು ಹೊತ್ತು ಸಹಿಸಿಕೊಂಡ ತಮಗೆಲ್ಲ ಕೃತಜ್ಞತೆ... ಅರೆ, ಯೆಬೋವಾ ಎದ್ದರಲ್ಲ! ಯಾಕೆ ಹೊರಗೆ ಹೋದರು? ಗಡಿಯಾರವನ್ನೂ ಇಲ್ಲೇ ಬಿಟ್ಟರಲ್ಲ! ಅಧ್ಯಕ್ಷರೇ, ನಾನು ಹೆಚ್ಚು ಮಾತಾಡಿಬಿಟ್ಟೆನೇ?

ಅಗೋ, ಹಾರನ್ನು! ಕೇಳಿಸಿತೇ? ಅದು ನನ್ನ ಲಾರಿಯದೇ! ಜರುಗಿ, ಜರುಗಿ, ದಾರಿ ಬಿಡಿ! ನಮಸ್ಕಾರ, ಎಲ್ಲರಿಗೂ ನಮಸ್ಕಾರ!