ಹಿರೇಹಂದಿಗೋಳಕ್ಕ ಬರತಿದ್ದ ಫೋನು

ಹಿರೇಹಂದಿಗೋಳದ ಕ್ರಾಸಿನ್ಯಾಗ ಬಸ್ಸು ಇಳದಾಗ ಕತ್ತಲಾಗಿತ್ತು. ನಮ್ಮ ದೊಡ್ಡಪ್ಪನ ಮಗ ಸಿದ್ದಾರೂಢಣ್ಣ ಒಬ್ಬಾಂವನ ಇಳದ. ಬಸ್ಸಿನ ಕೆಂಪು ದೀಪ ಸಣ್ಣದಾಗ್ತ ಹೋತು... ಆಮ್ಯಾಲ ಏನೂ ಇಲ್ಲ.

ಕ್ರಾಸಿನಿಂದ ಊರಿಗೆ ಹೋಗೂ ದಾರ್ಯಾಗ ಒಂದು ಹಾಳಬಾವಿ. ಅದರ ಮ್ಯಾಲ ಬಾಗಿದ ಆಲದ ಮರ. ಗಾಳಿ ಸುಳಿವಿರಲಿಲ್ಲ, ಎಲಿ ಅಲಗಾಡತಿರಲಿಲ್ಲ. ಆದ್ರೂ ಬಾವ್ಯಾಗಿಂದ ಸಪ್ಪಳ ಬರತಿತ್ತು. ಚುಳಕ್... ಮತ್ತ ಸ್ವಲ್ಪ ತಡದು... ಚುಳಕ್. ಆಲದ ಹಣ್ಣು ನೀರಿಗೆ ಬೀಳಾಕತ್ತಾವು ಅಂತ ಅಣ್ಣ ತನಗ ತಾನ ಹೇಳಿಕೊಂಡ. ಹೇಳಿಕೊಂಡ, ಆದ್ರ ಕಾಲು ಜೋರಾಗಿ ಹಾಕಿದ.

ಬಾವಿ ದಾಟಿದ ಮ್ಯಾಲ ಮೊದಲನೇ ಮನೀ ಕಟ್ಟೀ ಮ್ಯಾಲ ಒಬ್ಬಾಕಿ ಮುದುಕಿ ಕುಂತಿದ್ಲು. ದೇವವ್ವ ಅಂತ ಆಕಿ ಹೆಸರು. ಗಿರಣಿ ಫಕ್ರುಸಾಬರ ಮನಿ ಎಲ್ಲೈತಿ ಅಂತ ಅಣ್ಣ ಕೇಳಿದ. ಆಕಿ ಸೆರಗು ಬಾಯಿಗೆ ಹಿಡಕೊಂಡು, ಆಕಡೆ ಈಕಡೆ ನೋಡಿ, ಪಿಸುಗುಟ್ಟಿದ್ಲು.

"ಫೋನ ಬರೂ ಮನಿ ಏನಪಾ?"

"ಹೌದವ್ವಾ."

"ಗಿರಣಿ ದಾಟಿ ಬಲಕ್ಕ... ಹೋಗೂದಾದ್ರ ಜಲ್ದಿ ಹೋಗಿ ಜಲ್ದಿ ಬಾ. ಅದು ಬರೂ ಹೊತ್ತಾತು."

ಏನು ಬರೂ ಹೊತ್ತು ಅಂತ ಕೇಳೂದರಾಗ ಆಕಿ ಎದ್ದು ಒಳಗ ಹೋಗಿ ಅಗಳಿ ಹಾಕ್ಕೊಂಡ್ಲು. ಖಟ್.

ಇದರ ಹಿಂದಿನ ಸುದ್ದಿ ಈಗ ಹೇಳತೇನಿ, ಇಲ್ಲಂದ್ರ ನಿಮಗ ಹಾದಿ ತಪ್ಪತೈತಿ. ಗದಗ ಹೊಸಾ ಜಿಲ್ಲಾ ಆಗಿ ಏಳೆಂಟು ವರ್ಷ ಆಗಿದ್ದ ಕಾಲ ಅದು. ಮೊಬೈಲು ಎಲ್ಲಾರ ಕೈಯಾಗ ಇರತಿದ್ದಿಲ್ಲ. ಸಿದ್ದಾರೂಢಣ್ಣ ಲಕ್ಷ್ಮೇಶ್ವರದಾಗ ಹೆಸರುಕಾಳು, ಶೇಂಗಾ ಹಿಡಿಯೂ ವ್ಯಾಪಾರಿ. ಊರೂರಿನ ರೇಟು ಕೇಳಾಕ ಬೇಕಂತ ತಿಂಗಳಾ ಬಿಲ್ಲು ಬರೂ ಮೊಬೈಲು ತಗೊಂಡಿದ್ದ. ಒಂದಿನ ಗದಗ ಬಸ್‌ಸ್ಟ್ಯಾಂಡಿನ ಗದ್ದಲದಾಗ ಯಾರೋ ಅದನ್ನ ಕಿಸೇದಿಂದ ಹಾರಿಸಿಬಿಟ್ರು. ಅಣ್ಣ ಪೊಲೀಸ್ ಠಾಣೇಕ ಹೋಗಿ ಬರದುಕೊಟ್ಟು ಬಂದ. ಕಂಪನಿಯವರಿಗೂ ಹೇಳಿ ಲೈನ್ ಬಂದ್ ಮಾಡಿಸಬೇಕು ಅನ್ನೂದು ಅವಗ ಹೊಳೀಲೇ ಇಲ್ಲ. ಹೊಸಾ ವಸ್ತು, ಅದರ ರೀತಿರಿವಾಜು ಯಾರಿಗೆ ಗೊತ್ತು?

ಮುಂದ ಬಿಲ್ಲು ಬಂತು. ಒಂಬತ್ತು ಸಾವಿರದ ಮ್ಯಾಲ. ಆವಾಗ ಆ ರೊಕ್ಕಕ್ಕ ಹಾಲು ಕರಿಯೂ ಆಕಳಾ ಬರತಿತ್ತು.

ಅಣ್ಣ ಗದಗಿನ ಆಫೀಸಿಗೆ ಹೋಗಿ ಜಗಳಾ ತಗದ. ಕಳ್ಳ ಮಾತಾಡಿದ್ದಕ್ಕ ನಾ ಯಾಕ ತುಂಬ್ಲಿ ಅಂದ. ಕಳುವಾದದ್ದು ನಮಗ ಹೇಳಿರೇನು ಅಂತ ಅಲ್ಲಿ ಕುಂತ ಹುಡುಗ ಕೇಳಿದ. ಮಾತಿಗೆ ಮಾತು ಬೆಳೀತು. ಮಾತಾಡೂದು ಮಾತಾಡಿ ಕಳುವಿನ ನೆವಾ ಹೇಳೂ ಮಂದಿ ಭಾಳ ನೋಡೇವಿ ಅನ್ನೂ ಹಂಗ ಆ ಹುಡುಗ ನಕ್ಕನಂತ. ಅಣ್ಣಗ ರೊಕ್ಕಕ್ಕಿಂತ ಆ ನಗು ಹತ್ತಿತು. ಬಜಾರದಾಗ ಬರೇ ಬಾಯಿ ಮಾತಿನ ಮ್ಯಾಲ ನೂರು ಚೀಲ ಮಾಲು ಎತ್ತಿಸೂ ಮನಶ್ಯಾ ಅಂವ.

ಕಡೀಕ ಆ ಹುಡುಗನ ಒಂದು ಹಾದಿ ಹೇಳಿದ. ಎಲ್ಲಾ ಫೋನೂ ಒಂದ ಮನೀಗೆ ಹೋಗ್ಯಾವು, ದಿನಾ ರಾತ್ರಿ, ತಾಸುಗಟ್ಟಲೆ. ಮಾಡಿದಾಂವ ಇವರಲ್ಲ, ಇಂಥಾಂವ ಅಂತ ಆ ಮನಿಯವರ ಕಡಿಂದ ಸಹಿ ಮಾಡಿಸ್ಕೊಂಡ ಬಂದ್ರ ಬಿಲ್ಲು ಬಿಡತೇವಿ ಅಂದ. ಅಣ್ಣ ಹೊರಗ ಬಂದು ಎಸ್‌ಟಿಡಿ ಬೂತಿನಿಂದ ಆ ನಂಬರಿಗೆ ಫೋನ ಹಚ್ಚಿದ. ವಯಸ್ಸಾದವರೊಬ್ರು ಎತ್ತಿದ್ರು. ಅಣ್ಣ ಬೈಯಾಕ ಶುರು ಮಾಡಿದ, ಸಹಿ ಬೇಕಂತಾನೂ ಅಂದ. ಅವರು ಪೂರಾ ಕೇಳಿ, ಇದು ಫೋನಿನ್ಯಾಗ ಹೇಳೂ ಮಾತಲ್ಲ, ದೀಪಾ ಹಚ್ಚಿದ ಮ್ಯಾಲ ಮನೀಗೆ ಬರ್ರಿ ಅಂತಂದು, ಗಿರಣಿ ಫಕ್ರುಸಾಬ ಅಂತ ತಮ್ಮ ಹೆಸರೂ ಊರಿನ ಹೆಸರೂ ಹೇಳಿದ್ರು.

ಹಂಗ ಅಂವ ಆ ಊರಿಗೆ ಬಂದದ್ದು.

ಫಕ್ರುಸಾಬರು ಬಾಗಲದಾಗನ ನಿಂತಿದ್ರು. ಹುಬ್ಬಿನ ಮ್ಯಾಲ, ಗಡ್ಡದ ಮ್ಯಾಲ ಹಿಟ್ಟಿನ ಧೂಳು. ಬರ್ರಿ ಸಾವಕಾರ್ರ, ಕುಂಡ್ರಿ ಅಂತ ಚಾಪಿ ಹಾಸಿದ್ರು. ನಡುಮನೀ ಬಾಗಲಕ್ಕ ಒಂದು ಪಡದೆ ಕಟ್ಟಿತ್ತು. ಅದರ ಹಿಂದ ಯಾರೋ ಕುಂತಿದ್ರು... ಬಳಿ ಸಪ್ಪಳ ಇಲ್ಲ, ಬರೇ ಉಸಿರು. ತೊಟ್ಲಾ ತೂಗೂ ಸಪ್ಪಳ. ಕಿರಕ್... ಕಿರಕ್...

"ನಮ್ಮ ಸೊಸಿ, ನಜಮಾ," ಅಂದ್ರು ಸಾಬರು. "ಇದ್ದತ್‌ನ್ಯಾಗ ಅದಾಳ. ನಿಮ್ಮ ಮುಂದ ಬರೂ ಹಂಗಿಲ್ಲ. ತಪ್ಪ ತಿಳೀಬ್ಯಾಡ್ರಿ."

ಇದ್ದತ್ ಅಂದ್ರ ಗಂಡನ್ನ ಮಣ್ಣಿಗೆ ಕೊಟ್ಟ ಹೆಣ್ಣಮಗಳು ಹೊರಗಿನವರ ಕಣ್ಣಿಗೆ ಬೀಳದ ಇರೂ ದಿನಗಳು. ಅಣ್ಣ ದಾರಿ ತುಂಬ ಕೂಡಿಸಿಕೊಂಡ ಬಂದಿದ್ದ ಬೈಗಳು ಗಂಟಲದಾಗನ ಉಳದ್ವು.

ಸಾಬರು ಮೆತ್ತಗ ಹೇಳಿದ್ರು. ಅವರ ಮಗ ಜಹಾಂಗೀರ ಬೋರು ಕೊರಿಯೂ ಲಾರೀ ಮ್ಯಾಲ ಕೆಲಸಕ್ಕಿದ್ದ. ಒಮ್ಮೆ ಹೋದ್ರ ತಿಂಗಳುಗಟ್ಟಲೆ ಊರೂರು. ಈ ಸಲ ಹೋಗೂಮುಂದ ಮಗಳು ಅಮೀರಾ ಹುಟ್ಟಿ ಇನ್ನೂ ಬಾಣಂತಿ ನೀರೂ ಆರಿರಲಿಲ್ಲ. ಕೂಸಿನ ಧ್ವನಿ ಕೇಳಬೇಕಂತ ಗದಗಿನ್ಯಾಗ ಯಾರ ಕಡಿಂದನೋ ಒಂದು ಹಳೇ ಮೊಬೈಲು ಕೊಂಡ. ವರ್ಷದ ಬಿಲ್ಲು ಮುಂಗಡ ತುಂಬೇತಿ, ಎಷ್ಟರೆ ಮಾತಾಡು ಅಂದಿದ್ನಂತ ಮಾರಿದಾಂವ. ಒಂದು ತಿಂಗಳ ಪಗಾರದಷ್ಟು ರೊಕ್ಕಾ ಎಣಿಸಿ ಕೊಟ್ಟು ತಗೊಂಡಿದ್ದ. ನಾಕೈದು ದಿನ ರಾತ್ರಿ ಫೋನ ಮಾಡಿದ. ಆಮ್ಯಾಲ ಮುಂಡರಗಿ ಕಡೆ ಒಂದು ಹೊಲದಾಗ ಕೊರಿಯೂಮುಂದ ಕಬ್ಬಿಣದ ಪೈಪು ಜಾರಿ ಎದಿ ಮ್ಯಾಲ ಬಿತ್ತು.

"ಫೋನು ಎದಿ ಕಿಸೇದಾಗನ ಇತ್ತರಿ," ಅಂದ್ರು ಸಾಬರು.

ಪಡದೆ ಕೆಳಗಿಂದ ಒಂದು ಅರಿವಿ ಗಂಟು ಹೊರಗ ಸರದು ಬಂತು. ಅಣ್ಣ ಬಿಚ್ಚಿ ನೋಡಿದ. ಅವನ ಫೋನ. ಅಪ್ಪಚ್ಚಿ ಆಗಿತ್ತು. ಗಾಜಿಲ್ಲ, ಗುಂಡಿ ಉದುರಿದ್ವು, ಬ್ಯಾಟರಿ ಸೀಳಿ ಎರಡಾಗಿತ್ತು. ಹಿಂದಿನ ಮಗ್ಗಲ ಅವನ ಅಂಗಡಿ ಹೆಸರಿನ ಚೀಟಿ ಅರ್ಧ ಉಳದಿತ್ತು.

ಅಣ್ಣ ಅದನ್ನ ಕೈಯಾಗ ಹಿಡಕೊಂಡು ಕುಂತ. ಬಿಲ್ಲಿನ್ಯಾಗ ತಿಂಗಳ ಕಡೀತನಕ ಫೋನು ಇದ್ದದ್ದು ಅವಗ ನೆನಪಾತು.

"ಸಾಬರ... ಹಂಗಾರ ಆಮ್ಯಾಲಿನ ಫೋನು... ಯಾರು ಮಾಡಿದ್ದರಿ?"

ಸಾಬರು ಪಡದೆ ಕಡೆ ನೋಡಿದ್ರು.

ಆವಾಗ ಒಳಗ ಫೋನು ಹೊಡಕೊಂತು. ಟ್ರಿಣ್... ಟ್ರಿಣ್... ಗಿರಣಿ ಸಲುವಾಗಿ ಹಾಕಿಸಿದ್ದ ವಾಯರಿನ ಫೋನು. ಅಣ್ಣ ಕೈಯಾಗಿನ ಮೊಬೈಲ ನೋಡಿದ. ತಣ್ಣಗ, ಕಲ್ಲಿನಂಗ ಬಿದ್ದಿತ್ತು. ತೊಟ್ಲಾ ನಿಂತಿತು. ಫೋನಿನ ಸಪ್ಪಳಾನೂ ನಿಂತಿತು... ನಜಮಾ ಎತ್ತಿದ್ಲು. ಪಡದೆ ಸಂದಿನಿಂದ ಬಳಿ ಇಲ್ಲದ ಒಂದು ಕೈ ರಿಸೀವರು ಹೊರಗ ಚಾಚಿತು.

"ಅಣ್ಣಾರ... ನೀವ ಕೇಳ್ರಿ."

ಅಣ್ಣ ಕಿವೀಗೆ ಹಿಡಕೊಂಡ. ಮೊದಲು ಬೋರಿನ ಗಾಡಿ ಸಪ್ಪಳ. ಧಡಲ್ ಧಡಲ್ ಧಡಲ್... ಅದರಾಗ ಕಲ್ಲು ತಿರುವೂ ಗರಗರ. ಆಮ್ಯಾಲ ಯಾರೋ ಗಾಡಿ ಬಂದ್ ಮಾಡಿದಂಗ ಎಲ್ಲಾ ನಿಂತಿತು. ಒಬ್ಬ ಗಂಡಸು ಗಂಟಲಾ ಸರಿ ಮಾಡ್ಕೊಂಡ. ದಣದ ದನಿ. ದಿನದ ಕೆಲಸಾ ಮುಗಿಸಿದವನ ದನಿ.

"ಅಮೀರಾ ಮಲಗ್ಯಾಳೇನು?"

ಪಡದೆ ಹಿಂದಿನ ಕೈ ರಿಸೀವರು ವಾಪಸ ತಗೊಂತು. "ಮಲಗ್ಯಾಳರಿ," ಅಂದ್ಲು ನಜಮಾ, ದಿನಾ ಹೇಳೂ ಮಾತು ಹೇಳಿದಂಗ. ದಿನಾ ಇಷ್ಟ ಮಾತು, ಸಾವಕಾರ್ರ, ಅಂತ ಸಾಬರು ಪಿಸುಗುಟ್ಟಿದ್ರು. ಇಷ್ಟ ಕೇಳತಾನ, ಆದ್ರ ಇಡೂದಿಲ್ಲ. ಈಕಿನೂ ಇಡೂದಿಲ್ಲ. ಹಂಗ ಹಿಡಕೊಂಡು ಕುಂತಿರತಾಳ, ಬೆಳಕ ಹರಿಯೂ ಮಟಾ ಒಮ್ಮೊಮ್ಮೆ.

ಆಮ್ಯಾಲ ಪಡದೆ ಹಿಂದಿನಿಂದ ಆ ಹುಡುಗಿ ಅಣ್ಣನ್ನ ಕೇಳಿದ್ಲು. ರಿಸೀವರಿನ ಬಾಯಿ ಅಂಗೈಲೆ ಮುಚ್ಚಿರಬೇಕು, ದನಿ ಅಷ್ಟು ಸಣ್ಣದಿತ್ತು.

"ಇದರ ರೊಕ್ಕಾ ನಿಮ್ಮ ಮ್ಯಾಲ ಬರತೈತೇನ್ರಿ ಅಣ್ಣಾರ?"

ಸುಳ್ಳು ಹೇಳಬೇಕು ಅಂತ ಅಣ್ಣಗ ಅನಿಸಿತು. ಆದ್ರ ಅದ ರೊಕ್ಕಕ್ಕ ಜಗಳಾಡಿ ಬಂದಾಂವ, ಬಿಲ್ಲು ಕಿಸೇದಾಗನ ಇತ್ತು. "ಬರತೈತಿ ತಂಗಿ," ಅಂದ. "ಇರ್ಲಿ, ಅದೇನೂ..."

ಅಂವ ಮಾತು ಮುಗಸೂದ್ರಾಗ ಆಕಿ ಫೋನಿನ್ಯಾಗ ಹೇಳಿಬಿಟ್ಟಿದ್ಲು.

"ರೀ... ಈ ಫೋನು ಕಳುವಿಂದಂತ. ಇವರದಂತ. ನೀವು ಮಾತಾಡಿದ್ದರ ರೊಕ್ಕಾ ಇವರು ತುಂಬತಾರಂತ... ಇನ್ನ ಮಾಡಬ್ಯಾಡ್ರಿ."

ಆ ಕಡಿಂದ ಏನು ಬಂತೋ, ಅದು ಆಕೀಗೊಬ್ಬಾಕೀಗೆ ಗೊತ್ತು. ಹ್ಞೂಂ, ಅಂದ್ಲು. ಅರಿವಿ ಸರಕ್ ಅಂದಿತು. ತೊಟ್ಲಾ ಒಮ್ಮೆ ಕಿರಕ್ ಅಂದಿತು. ಆಕಿ ರಿಸೀವರು ಕೂಸಿನ ಬಾಯೀ ಹತ್ರ ಹಿಡದಿದ್ಲು ಅಂತ ಹೊರಗ ಕುಂತ ಇಬ್ರಿಗೂ ತಿಳೀತು, ಯಾಕಂದ್ರ ಮಲಗಿದ ಕೂಸಿನ ಉಸಿರು, ಮೂಗು ಕಟ್ಟಿದ ಸಣ್ಣ ಸುಯ್ ಸುಯ್, ಅದೊಂದ ಕೇಳತಿತ್ತು ಆ ಮನ್ಯಾಗ. ಎಷ್ಟೊತ್ತೋ ಹಂಗ ಇತ್ತು...

ಕಟಕ್.

ಇಟ್ಟದ್ದು ಆಕಿ ಅಲ್ಲ. ಆ ಕಡಿಂದ.

ಸಾಬರು ಹೆಗಲ ಮ್ಯಾಲಿನ ಟವೆಲ್ಲು ಬಾಯಾಗ ತುರುಕ್ಕೊಂಡ್ರು. ಅಣ್ಣ ಎದ್ದು ಪಡದೆ ಹತ್ರ ಹೋದ, ಮತ್ತ ಹಿಂದ ಸರದ. ಯಾಕ ಹಂಗಂದಿ ತಂಗೀ, ನಾ ತುಂಬತಿದ್ದೆನಲ್ಲ ಅಂದ. ಅವನ ದನಿ ಅವಗ ಗುರುತು ಸಿಗಲಿಲ್ಲಂತ.

"ಅವರು ಇನ್ನೊಬ್ಬರ ಒಂದು ಕಾಳು ಮುಟ್ಟಿದವರಲ್ಲ ಅಣ್ಣಾರ," ಅಂದ್ಲು ನಜಮಾ. "ಗೊತ್ತಿದ್ರ ಮೊದಲನೇ ದಿನಾನ ಮಾಡತಿದ್ದಿಲ್ಲ."

ಆಮ್ಯಾಲ ಸಹಿ ಎಲ್ಲಿ ಮಾಡಬೇಕು ಕೊಡ್ರಿ ಅಂದ್ಲು. ಅಣ್ಣ ಹಾಳಿ ಹೊರಗ ತಗೀಲಿಲ್ಲ. ಮೊಬೈಲು ನಿಮ್ಮ ವಸ್ತು, ಒಯ್ಯಿರಿ ಅಂತ ಸಾಬರು ಗಂಟು ಮುಂದ ಹಿಡದ್ರು. ಅದು ಅವನ ಎದೀ ಮ್ಯಾಲಿಂದು, ಇಲ್ಲೇ ಇರ್ಲಿ ಅಂತ ಅಣ್ಣ ಪಡದೆ ಕಡೆ ಸರಿಸಿ ಹೊರಗ ಬಂದ. ಬಾವಿ ಹಾದು ಹೆಂಗ ಬಂದ, ಬಸ್ಸು ಯಾವುದು ಹತ್ತಿದ, ಒಂದೂ ನೆನಪಿಲ್ಲ ಅವಗ.

ಮರುದಿನ ಗದಗಿಗೆ ಹೋಗಿ ಬಿಲ್ಲು ಪೂರಾ ತುಂಬಿದ. ಜಗಳಾಡಿದ್ನಲ್ಲ, ಆ ಹುಡುಗ ಮತ್ತ ನಕ್ಕ. ಅಣ್ಣ ರಶೀದಿ ಮಡಚಿ ಕಿಸೇದಾಗ ಇಟ್ಟ. ಲೈನ್ ಬಂದ್ ಮಾಡೂದೇನ್ರಿ ಅಂತ ಅಂವ ಕೇಳಿದ್ದಕ್ಕ ಬ್ಯಾಡ, ಚಾಲೂ ಇರ್ಲಿ ಅಂದ. ಮುಂದ ಎರಡು ವರ್ಷ ಆ ಲೈನಿನ ಬಾಡಿಗಿ ತುಂಬಿದ, ಮನ್ಯಾಗೂ ಹೇಳದ. ಯಾವತ್ತರ ಒಂದಿನ ಜಹಾಂಗೀರಗ ಮಾಡಬೇಕು ಅನಿಸಿದ್ರ ಹಾದಿ ತೆರದಿರ್ಲಿ ಅಂತ.

ಮಾಡಲಿಲ್ಲ. ಫಕ್ರುಸಾಬರು ಲಕ್ಷ್ಮೇಶ್ವರದ ಸಂತೀಗೆ ಬಂದಾಗ ಅಂಗಡೀ ಮುಂದ ನಿಂತು ಹೋಗತಿದ್ರು. ಅಣ್ಣ ಬಾಯಿ ಬಿಟ್ಟು ಕೇಳತಿದ್ದಿಲ್ಲ, ಬರೇ ನೋಡತಿದ್ದ. ಅವರು ಇಲ್ಲಂತ ತಲಿ ಅಲಗಾಡಸತಿದ್ರು. ನಜಮಾ ದೀಪಾ ಹಚ್ಚೂ ಹೊತ್ತಿಗೆ ಫೋನಿನ ಬಾಜೂಕ ಕುಂಡ್ರೂದು ಬಿಟ್ಟಿಲ್ಲ ಅಂತ ಒಮ್ಮೆ ಅಂದ್ರಂತ. ಹೊಡಕೊಂಡ್ರ ಎತ್ತತಾಳ. ಜ್ವಾಳಾ ಬೀಸೂದೈತಿ ಗಿರಣಿ ಚಾಲೂ ಐತೇನು ಅಂತ ಯಾರೋ ಕೇಳತಾರ. ಐತಿ ಬರ್ರಿ, ಅಂತ ಹೇಳಿ ಇಡತಾಳ.

ಆ ರಾತ್ರೀದೊಂದು ಮಾತು ಹೇಳೂದು ಉಳೀತು. ಅಣ್ಣ ಮನಿ ಮುಟ್ಟಿದಾಗ ಊರು ಮಲಗಿತ್ತು. ಅಣ್ಣನ ಹೆಂಡ್ತಿ ಕಾಂಚನಾ ವೈನಿ ಬಾಗಲಾ ತಗದು, ನೀರು ಕೊಟ್ಟು, ಈಗಷ್ಟ ನಿಮಗೊಂದು ಫೋನ ಬಂದಿತ್ತು ಅಂದ್ಲು. ಯಾರಂತ ಹೇಳಲಿಲ್ಲ. ಹಿಂದ ಏನೋ ಗಾಡಿ ಸಪ್ಪಳ ಭಾಳ ಇತ್ತು, ಧಡಲ್ ಧಡಲ್ ಅಂತ. ಅದು ನಿಂತ ಮ್ಯಾಲ ಒಬ್ರು ಮಾತಾಡಿದ್ರು.

"ಏನಂದ್ರು?"

"'ರೊಕ್ಕಾ ಕೊಟ್ಟು ಕೊಂಡಿದ್ದೆರಿ, ಕಳುವಿಂದಂತ ನನಗ ಗೊತ್ತಿರಲಿಲ್ಲ... ಅಣ್ಣಾರಿಗೆ ಹೇಳ್ರಿ' ಅಂದ್ರು. ಅಂದು ಇಟ್ರು."

ವೈನಿ ಇನ್ನೂ ಲಕ್ಷ್ಮೇಶ್ವರದಾಗನ ಅದಾಳ, ಬೇಕಂದ್ರ ಹೋಗಿ ಕೇಳ್ರಿ. ಖರೇನ ಆದದ್ದು ಇದು. ಮುಂದ ಬಂದ ಆ ತಿಂಗಳಿನ ಬಿಲ್ಲು ನಾನೂ ನೋಡೇನಿ. ಆ ರಾತ್ರಿ ಹಿರೇಹಂದಿಗೋಳಕ್ಕ ಹೋದ ಫೋನು ಅದರಾಗ ಇತ್ತು. ಲಕ್ಷ್ಮೇಶ್ವರಕ್ಕ ಬಂದದ್ದು ಇರಲಿಲ್ಲ.